ಸಂಗೀತದ ಆಪ್‌ನಲ್ಲಿ ಮನ್ಸೂರರನ್ನು ಹುಡುಕುತ್ತಾ: ಕೆಲವು ವರ್ಷ ಬಳಸಿದ ಮೇಲೆ

ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿ ಹಾಡು ಕೇಳುವ ಆಪ್ ಒಂದನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸಿನಿಮಾ ಹಾಡು ಕೇಳುವುದು ಕಡಿಮೆ. ಹಿಂದುಸ್ತಾನಿ ಜಾಸ್ತಿ, ಆಗಾಗ ಕರ್ನಾಟಕ ಸಂಗೀತ. ಆಪ್‌ನ ಹೆಸರು ಬೇಡ. ನಡುವೆ ಬೇರೆಯವನ್ನೂ ಹಾಕಿಕೊಂಡು ನೋಡಿದೆ, ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಪಾಡು. ಶಾಸ್ತ್ರೀಯ ಸಂಗೀತ ಕೇಳುವವರು ಇದಕ್ಕೆ ದುಡ್ಡು ಹಾಕಬಹುದಾ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಹಾಕಬಹುದು. ಆದರೆ ಯಾರು ಹಾಡುತ್ತಿದ್ದಾರೆ, ಜೊತೆಗೆ ಯಾರು ಕೂತಿದ್ದಾರೆ ಅನ್ನುವುದನ್ನು ನೀವೇ ಹುಡುಕಿಕೊಳ್ಳಬೇಕು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ ಬೇಕು ಅಂದರೆ ಧಾರವಾಡಕ್ಕೋ ಪುಣೆಗೋ ಹೋಗುವವರ ಹತ್ತಿರ ಹೇಳಿ ತರಿಸಬೇಕಿತ್ತು. ಈಗ ಅವರ ಶಿವಮತ ಭೈರವ, ಯಮನಿ ಬಿಲಾವಲ್, ನಟ್ ಬಿಹಾಗ, ಸಾವನಿ ರಾಗಗಳೆಲ್ಲ ಬೆರಳ ತುದಿಯಲ್ಲೇ ಇವೆ. ಸದ್ಯ ನನ್ನ ಬೆಳಗಿನ ಹೊತ್ತೆಲ್ಲ ಅವರದ್ದೇ. ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ಈ ಗಾಯಕ ತಾಳವಿಲ್ಲದೆ ಉದ್ದುದ್ದ ಆಲಾಪ ಮಾಡಿ ಕಾಯಿಸುವವರಲ್ಲ. ಒಂದೆರಡು ಸಲ ಸ್ವರ ಹಿಡಿದು ಬಿಟ್ಟರೆ ಮುಗೀತು, ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಶುರು, ತಬಲಾನೂ ಶುರು. ಆಮೇಲೆ ತಾನಗಳು, ಅಂದರೆ ಸ್ವರಗಳ ವೇಗದ ಓಟಗಳು, ಒಂದರ ಬಾಲ ಹಿಡಿದು ಇನ್ನೊಂದು. ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಬಿದ್ದಾಗಲೇ ನಮಗೂ ಉಸಿರು.

ಈ ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಕೇಳುವಾಗ ಮನ್ಸೂರರ ಹಿಂದೆ ಇನ್ನೊಂದು ದನಿ ಇರುತ್ತದೆ. ಅವರು ಒಂದು ತಾನ ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಆ ದನಿ ಎಳೆ ಬಿಡದೆ ಹಿಡಿದುಕೊಳ್ಳುತ್ತದೆ. ಹೀಗೆ ತಂದೆಯ ಹಿಂದೆ ಕೂತು ಹಾಡುತ್ತಿದ್ದವರು ಮಗ ರಾಜಶೇಖರ ಮನ್ಸೂರ. ಧಾರವಾಡದಲ್ಲಿ ಇಂಗ್ಲಿಷ್ ಮೇಷ್ಟ್ರು, ಅದರ ಜೊತೆಗೇ ಅಪರೂಪದ ರಾಗಗಳ ದೊಡ್ಡ ಗಂಟನ್ನು ಕಾಪಾಡಿಕೊಂಡು ಬಂದವರು. 2022ರಲ್ಲಿ ತೀರಿಕೊಂಡರು. ಆಪ್‌ನಲ್ಲಿ ಈ ಎರಡನೇ ದನಿ ಯಾರದು ಅಂತ ಒಂದಕ್ಷರ ಇಲ್ಲ. ತಬಲಾ ಯಾರು, ಹಾರ್ಮೋನಿಯಂ ಯಾರು, ಯಾವ ಊರಿನ ಕಛೇರಿ, ಯಾವ ಇಸವಿ? ಅದೂ ಇಲ್ಲ. ಇಸವಿಯ ಜಾಗದಲ್ಲಿ ಆಲ್ಬಮ್ ಅನ್ನು ಆಪ್‌ಗೆ ಏರಿಸಿದ ವರ್ಷ ಕಾಣುತ್ತದೆ. ಹಾಗಾಗಿ 1992ರಲ್ಲೇ ತೀರಿಕೊಂಡ ಮನ್ಸೂರರು 2014ರಲ್ಲಿ ಹೊಸ ಆಲ್ಬಮ್ ತಂದಿದ್ದಾರೆ!

ಎಲ್‌ಪಿ ತಟ್ಟೆಗಳ ಕಾಲದಲ್ಲಿ ಕವರ್‌ನ ಹಿಂಬದಿ ಅಂತ ಒಂದು ಜಾಗ ಇತ್ತು. ರಾಗ, ತಾಳ, ಸಾಥಿದಾರರು (ಜೊತೆಗೆ ನುಡಿಸುವವರು), ಕಲಾವಿದರ ಬಗ್ಗೆ ಒಂದು ಪುಟ. ಸಿ.ಡಿ. ಬಂದಾಗ ಅದೇ ಸಣ್ಣ ಅಕ್ಷರದಲ್ಲಿ ಮಡಚಿದ ಹಾಳೆಯಾಯಿತು. ಆಪ್‌ನಲ್ಲಿ ಚಿತ್ರ ಒಂದೇ ಉಳಿದಿದೆ. ದುಡ್ಡು ತಗೊಂಡು ಕೊಡುವ ಸೇವೆಯಲ್ಲಿ ಇದು ಸಣ್ಣ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ.

ಹುಡುಕಾಟದ ಕಥೆಯನ್ನಂತೂ ಕೇಳಬೇಡಿ. ಕನ್ನಡದಲ್ಲಿ ‘ಶಿವಮತ ಭೈರವ’ ಅಂತ ಟೈಪ್ ಮಾಡಿದರೆ ಶಿವನ ಭಕ್ತಿಗೀತೆಗಳ ಸಾಲೇ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಮನ್ಸೂರರು ಒಬ್ಬರಲ್ಲ, ಹಲವರು: ಹೆಸರಿನ ಮುಂದೆ ಪಂಡಿತ್ ಇದ್ದರೆ ಒಬ್ಬರು, ಇಲ್ಲದಿದ್ದರೆ ಇನ್ನೊಬ್ಬರು, ಕಾಗುಣಿತ ಬದಲಾದರೆ ಮತ್ತೊಬ್ಬರು. ಒಂದು ಪುಟದಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಒಂದೇ ಧ್ವನಿಮುದ್ರಣ ‘ಬೆಳಗಿನ ರಾಗಗಳು’, ‘ಧ್ಯಾನಕ್ಕಾಗಿ’ ಅಂತ ಬೇರೆ ಬೇರೆ ಅಂಗಿ ತೊಟ್ಟು ಬರುವುದೂ ಉಂಟು. ಹೊಸದು ಸಿಕ್ಕಿತು ಅಂತ ಖುಷಿಯಿಂದ ಹಚ್ಚಿದರೆ ಅದೇ ಹಳೇ ತೋಡಿ ರಾಗ.

ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಹೆಸರಿನ ಈ ಗೊಂದಲ ಇನ್ನೂ ಮುಖ್ಯವಾಗುತ್ತದೆ. 1930ರ ದಶಕದಲ್ಲಿ ಅವರ ಮೊದಲ ಗ್ರಾಮೋಫೋನ್ ತಟ್ಟೆಗಳು ‘ಗಾಂಧಾರಿ’ ಅನ್ನುವ ಹೆಸರಿನಲ್ಲಿ ಬಂದಿದ್ದವು. ದನಿ ಆಗ ತೆಳು, ಎತ್ತರದ ಶ್ರುತಿ. ಗಂಟಲಿನ ಚಿಕಿತ್ಸೆಯ ನಂತರ ಅದು ನಮಗೆಲ್ಲ ಗೊತ್ತಿರುವ ಆ ಗಡಸು, ತುಂಬು ದನಿಯಾಯಿತು. ಹೆಸರು ಗೊತ್ತಿಲ್ಲದೆ ಕೇಳಿದರೆ ಎರಡೂ ಒಬ್ಬರದ್ದೇ ಅಂತ ನಂಬುವುದು ಕಷ್ಟ. ಈ ವಾರ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುತ್ತಿದ್ದೇನೆ. ಹಳೆಯದು ಮೂರು ನಿಮಿಷದೊಳಗೆ ಎಲ್ಲ ಹೇಳಿ ಮುಗಿಸಬೇಕಾದ ಅವಸರದ್ದು. ನಂತರದ್ದರಲ್ಲಿ ಅವಸರವೇ ಇಲ್ಲ, ಷಡ್ಜದ (‘ಸ’ ಸ್ವರದ) ಮೇಲೆ ನಿಂತರೆ ನಿಂತೇ ಬಿಟ್ಟರು. ಆಪ್ ಮಾತ್ರ ಗಾಂಧಾರಿಯನ್ನು ಗಂಗೂಬಾಯಿಯವರ ಪುಟಕ್ಕೆ ಸೇರಿಸಿಕೊಂಡಿಲ್ಲ. ಆ ತಟ್ಟೆಗಳನ್ನು ಹಳೆಯ ಸಂಗ್ರಹಗಳ ಅಂತರ್ಜಾಲ ತಾಣಗಳಲ್ಲಿ, ಪುಕ್ಕಟೆಯಾಗಿ, ಬೇರೆಯಾಗಿಯೇ ಹುಡುಕಿಕೊಳ್ಳಬೇಕಾಯಿತು.

ತಟ್ಟೆಯ ಮಾತು ಬಂತಲ್ಲ, ಹಳೆಯ ಕಾಲದ ಗಾಯಕಿ ಗೌಹರ್ ಜಾನ್ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಶುರುವಾದ ಧ್ವನಿಮುದ್ರಣಗಳಲ್ಲಿ ಅವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ತಟ್ಟೆ ಅಂತ ತಿಳಿಯಲಿ ಅಂತ ಈ ಏರ್ಪಾಟು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನೂರು ವರ್ಷಕ್ಕೂ ಹಿಂದೆ ಕಲಾವಿದೆಯೇ ಹೆಸರು ಹೇಳಿಕೊಂಡಿದ್ದರಿಂದ ಇವತ್ತು ಆಪ್‌ನಲ್ಲೂ ಅದು ತಪ್ಪುವ ಹಾಗಿಲ್ಲ, ಅಷ್ಟು ಮಟ್ಟಿಗೆ ಬಚಾವ್. ಇಂಥ ಹಳೆಯ ತಟ್ಟೆಗಳಿಗೆ ಅತ್ಯುತ್ತಮ ಗುಣಮಟ್ಟದ ಸೆಟ್ಟಿಂಗ್ ಇಟ್ಟು ಡೇಟಾ ಸುರಿಯಬೇಡಿ. 320 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 320 ಕಿಲೋಬಿಟ್) ಗಂಟೆಗೆ ಸುಮಾರು 144 ಎಂಬಿ ಹೋಗುತ್ತದೆ. ನನ್ನ ಕಿವಿಗಂತೂ ಆ ಕರಕರ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಸೆಟ್ಟಿಂಗ್ ಅಂದೆನಲ್ಲ, ಹೊಸದಾಗಿ ತೆಗೆದುಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಕೆಲವಿವೆ. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಬಂದ್ ಮಾಡಿ. ಅದು ಇದ್ದರೆ ವಿಲಂಬಿತದ (ನಿಧಾನ ಲಯದ ಭಾಗದ) ಕೊನೆಯ ತಿಹಾಯಿಯ, ಅಂದರೆ ಮೂರು ಸಲ ಹೇಳಿ ಮುಗಿಸುವ ತುಣುಕಿನ, ಮೇಲೆ ದ್ರುತ್ (ವೇಗದ ಭಾಗ) ಬಂದು ಹತ್ತಿಕೊಳ್ಳುತ್ತದೆ. ಹಾಡುಗಳ ಕ್ರಮ ಕಲಸುವ ಷಫಲ್ ಕೂಡ ಬೇಡವೇ ಬೇಡ: ಮೊದಲು ದ್ರುತ್, ಆಮೇಲೆ ವಿಲಂಬಿತ ಅಂದರೆ ಹೇಗೆ ಸ್ವಾಮಿ? ಎಲ್ಲ ಹಾಡಿನ ದನಿಯನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯವನ್ನು ನಾನು ಬಂದ್ ಮಾಡಿಯೇ ಇಟ್ಟಿದ್ದೇನೆ. ಎಲ್ಲಕ್ಕಿಂತ ಮೊದಲು, ಆಲ್ಬಮ್ ಮುಗಿದ ಮೇಲೆ ತನ್ನಷ್ಟಕ್ಕೆ ಮುಂದಿನದನ್ನು ಹಚ್ಚುವುದನ್ನು ನಿಲ್ಲಿಸಿ. ರಾತ್ರಿ ಹನ್ನೊಂದಕ್ಕೆ ದರ್ಬಾರಿ ರಾಗ ಮುಗಿದು ಮನೆಯೆಲ್ಲ ನಿದ್ದೆಗೆ ಜಾರುವ ಹೊತ್ತಿಗೆ ಮದುವೆ ಮೆರವಣಿಗೆಯ ಡೋಲು ಹೊಡೆದದ್ದು ನಮ್ಮ ಮನೆಯಲ್ಲಿ ಇನ್ನೂ ಮಾತಾಗುತ್ತದೆ.

ಆ ದರ್ಬಾರಿ ಉಸ್ತಾದ್ ಅಮೀರ್ ಖಾನರದು. ಅವರ ಹೆಸರಾಂತ ಎಲ್‌ಪಿಯಲ್ಲಿ ಒಂದು ಬದಿಗೆ ಮಾರ್ವಾ, ಇನ್ನೊಂದು ಬದಿಗೆ ದರ್ಬಾರಿ. ಸೂರ್ಯ ಮುಳುಗುವ ಹೊತ್ತಿನ ರಾಗ ಒಂದು, ನಡುರಾತ್ರಿಯದು ಇನ್ನೊಂದು. ತಟ್ಟೆ ತಿರುಗಿಸಿ ಹಾಕಬೇಕಾಗಿದ್ದಾಗ ನಡುವೆ ಊಟ ಮುಗಿಸಿ ಬರಬಹುದಿತ್ತು. ಆಪ್‌ನಲ್ಲಿ ಒಂದರ ಹಿಂದೆ ಒಂದು ನುಗ್ಗುತ್ತವೆ. ಹಾಗಾಗಿ ನಾನೇ ಅವನ್ನು ಬೇರೆ ಬೇರೆ ಪಟ್ಟಿಗೆ ಹಾಕಿಕೊಂಡೆ. ಮಾರ್ವಾದಲ್ಲಿ ಅವರು ಷಡ್ಜಕ್ಕೆ ಈಗ ಬರುತ್ತಾರೆ, ಈಗ ಬರುತ್ತಾರೆ ಅಂತ ಕಾಯಿಸುವ ರೀತಿ ಇದೆಯಲ್ಲ, ಅದಕ್ಕೆ ಹೆಡ್‌ಫೋನ್ ಬೇಕು. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಅವರ ಮಂದ್ರ (ಕೆಳಗಿನ ಸ್ವರಗಳು) ಅರ್ಧ ಮಾಯ, ತಂಬೂರಿ ಪೂರ್ತಿ ಮಾಯ.

ಕರ್ನಾಟಕ ಸಂಗೀತಕ್ಕೆ ಈ ಆಪ್ ಕೊಂಚ ವಾಸಿ. ಕೃತಿಗೆ ಒಂದು ಹೆಸರಿರುತ್ತದೆ, ಜೊತೆಗೆ ರಾಗ, ತಾಳ. ಏಳೆಂಟು ನಿಮಿಷಕ್ಕೆ ಮುಗಿಯುತ್ತದೆ. ಹಾಡಿನ ಲೆಕ್ಕದಲ್ಲಿ ಯೋಚಿಸುವ ಯಂತ್ರಕ್ಕೆ ಅದು ಸುಲಭ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹುಡುಕಿದರೆ ವೀಣೆಯೇ ಸಿಗುತ್ತದೆ. ಆದರೆ ಪಕ್ಕವಾದ್ಯದವರ ಗತಿ ಇಲ್ಲೂ ಅದೇ. ಮೈಸೂರು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದು ಗಾಯಕ ಚೆಂಬೈ ಅವರಂಥ ದೊಡ್ಡವರಿಗೆಲ್ಲ ನುಡಿಸಿದವರು. ಚೌಡಯ್ಯ ಅಂತ ಹುಡುಕಿದರೆ ಅವರು ತನಿಯಾಗಿ ನುಡಿಸಿದ್ದಷ್ಟೇ ಬರುತ್ತದೆ. ಪಕ್ಕದಲ್ಲಿ ಕೂತು ನುಡಿಸಿದ್ದನ್ನು ಕಿವಿಯಿಂದಲೇ ಗುರುತು ಹಿಡಿಯಬೇಕು.

ಇನ್ನೊಂದು ತಾಪತ್ರಯ ಇದೆ. ಉಳಿಸಿಟ್ಟುಕೊಂಡ ರೆಕಾರ್ಡಿಂಗ್ ಒಂದು ದಿನ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮಾತೇ ಆಡುವುದಿಲ್ಲ. ಕಂಪನಿಗಳ ನಡುವಿನ ಹಕ್ಕಿನ ಕರಾರು ಮುಗಿದಿರುತ್ತದೆ. ಡೌನ್‌ಲೋಡ್ ಮಾಡಿದ್ದೂ ಅದರ ಜೊತೆ ಹೋಗುತ್ತದೆ. ನನ್ನ ಪಟ್ಟಿಯಿಂದ ರಾಜೀವ ತಾರಾನಾಥರ ಸರೋದ್ ಒಂದು ಹೀಗೆಯೇ ಹೋಯಿತು, ಇನ್ನೂ ವಾಪಸು ಬಂದಿಲ್ಲ. ಹಾಗಾಗಿ ತೀರಾ ಬೇಕಾದದ್ದನ್ನು ಈಗಲೂ ಸಿ.ಡಿ.ಯಲ್ಲೇ ತೆಗೆದುಕೊಳ್ಳುತ್ತೇನೆ. ಹಳೆಯ ಸಿ.ಡಿ.ಗಳನ್ನು ಎಸೆಯಲು ಹೊರಟವರು ದಯವಿಟ್ಟು ಒಮ್ಮೆ ಯೋಚಿಸಿ.

ಆಪ್ ಜೊತೆಗೆ ನಾನು ಪುಕ್ಕಟೆ ಇಟ್ಟುಕೊಂಡಿರುವುದು ಆಕಾಶವಾಣಿಯ ‘ರಾಗಂ’. 2016ರ ಜನವರಿ 26ರಂದು ಶುರುವಾದ, 24 ಗಂಟೆಯೂ ಶಾಸ್ತ್ರೀಯ ಸಂಗೀತವೇ ಇರುವ ವಾಹಿನಿ. ಬೇಕಾದದ್ದನ್ನು ಆರಿಸಿಕೊಳ್ಳುವುದಕ್ಕಾಗುವುದಿಲ್ಲ, ನಿಜ. ಆದರೆ ಉದ್ಘೋಷಕಿ ಬಂದು ಇಂಥವರ ಗಾಯನ, ಇಂಥ ರಾಗ, ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು ಅಂತ ಹೇಳಿ ಹೋಗುತ್ತಾರೆ. ಅಲ್ಲಿ ಹೆಸರು ಕೇಳಿಸಿಕೊಂಡು ಆಪ್‌ನಲ್ಲಿ ಹುಡುಕುವುದು ನನ್ನ ಕ್ರಮ. ಹೀಗೆ ಮಾಡಿದರೆ ಆಪ್‌ನ ಶಿಫಾರಸುಗಳಿಗಿಂತ ಎಷ್ಟೋ ಒಳ್ಳೆಯ ದಾರಿಗೆ ಬೀಳುತ್ತೇವೆ.

ಅಂಕ ಕೊಡು ಅಂದರೆ ಸಂಗ್ರಹಕ್ಕೆ ಐದಕ್ಕೆ ನಾಲ್ಕೂವರೆ, ಧ್ವನಿಗೆ ನಾಲ್ಕು, ಹುಡುಕಾಟಕ್ಕೆ ಎರಡು. ಮಾಹಿತಿಗೆ ಸೊನ್ನೆ ಕೊಡಬೇಕೆಂದಿದ್ದೆ. ಈಚೆಗೆ ಒಂದೆರಡು ಆಲ್ಬಮ್‌ಗಳಲ್ಲಿ ತಬಲಾದವರ ಹೆಸರು ಕಂಡಿದ್ದಕ್ಕೆ ಅರ್ಧ ಕೊಟ್ಟಿದ್ದೇನೆ. ಜಾಹೀರಾತಿರುವ ಉಚಿತ ಆವೃತ್ತಿಯಲ್ಲಿ ಖಯಾಲ್ (ಹಿಂದುಸ್ತಾನಿಯ ವಿಸ್ತಾರದ ಗಾಯನ) ಕೇಳಲು ಹೋಗಲೇಬೇಡಿ, ವಿಲಂಬಿತ ಮುಗಿಯುವಷ್ಟರಲ್ಲಿ ಸಾಬೂನಿನವರು ಬಂದು ಹೋಗುತ್ತಾರೆ. ಕಟ್ಟುವುದಾದರೆ ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ, ನಿಮಗೆ ಬೇಕಾದ ಹತ್ತು ರೆಕಾರ್ಡಿಂಗ್‌ಗಳ ಪಟ್ಟಿ ಹಿಡಿದು ಅವು ಅಲ್ಲಿವೆಯಾ ನೋಡಿ, ಆಮೇಲೆ ವರ್ಷದ ಪ್ಲಾನ್ ಕಡೆ ಹೋಗಿ.