ಫ್ರೀಜರ್ ಮ್ಯಾಕರೋನಿ ಚೀಸಾ, ಮುದ್ದೆ ಬಸ್ಸಾರಾ?

ತುಮಕೂರಿನಲ್ಲಿ ರೂಮು ಮಾಡಿಕೊಂಡು ಓದುವವರಿಗೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿನ್ನುವ ಮ್ಯಾಕರೋನಿ ಚೀಸ್ ಸುಲಭ, ನಿಜ. ಚೀಸ್‌ನಿಂದ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಸಿಗುತ್ತವೆ. ಫ್ರೀಜ್ ಮಾಡಿದ ಮಾತ್ರಕ್ಕೆ ಸತ್ವ ಹೋಗಿಬಿಡುವುದಿಲ್ಲ. ತೊಂದರೆ ಇರುವುದು ಉಪ್ಪಿನಲ್ಲಿ. ಪ್ಯಾಕೆಟ್ ಹಿಂದೆ ಸೋಡಿಯಂ ಸಾಲು ನೋಡಿ. ಒಂದು ಪ್ಯಾಕಿಗೆ 800 ಮಿಲಿಗ್ರಾಂ ಆಸುಪಾಸು ಇರುವುದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2000. ಕೆಲವು ಪ್ಯಾಕ್ ಮೇಲಿನ ಅಂಕಿ ಅರ್ಧ ಪ್ಯಾಕಿನದ್ದು ಮಾತ್ರ, ಹುಷಾರು. ನಾರಿನಂಶವಂತೂ ಕಮ್ಮಿ.

ಮುದ್ದೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಪ್ರೋಟೀನ್ ಬಸ್ಸಾರಿನ ಕಾಳಿನಿಂದ ಬರುತ್ತದೆ. ದಿನದ ಊಟಕ್ಕೆ ನನ್ನ ಆಯ್ಕೆ ಮುದ್ದೆಯೇ. ಮ್ಯಾಕರೋನಿ ತಿನ್ನಲೇಬೇಕು ಅನಿಸಿದರೆ ಒಂದು ಹಿಡಿ ಬೇಯಿಸಿದ ಬಟಾಣಿ, ಬೀನ್ಸ್ ಸೇರಿಸಿ. ಜೊತೆಗೆ ಉಪ್ಪಿನಕಾಯಿ ಮಾತ್ರ ಬೇಡ.