ಉರಿಮೂತ್ರಕ್ಕೆ ಯೂರಿನ್ ರೊಟೀನ್ ಸಾಕಾ, ಕಲ್ಚರ್ ಬೇಕಾ?

ಕಲಬುರಗಿ ಬೇಸಿಗೆಯಲ್ಲಿ ಮೂತ್ರ ಉರಿದರೆ "ಹೀಟ್ ಆಗ್ಯಾದ, ಜೀರಿಗೆ ನೀರು ಕುಡಿ" ಅನ್ನುವವರೇ ಜಾಸ್ತಿ. ಬರೀ ನೀರು ಕಮ್ಮಿಯಾಗಿದ್ದರೆ ಚೆನ್ನಾಗಿ ಕುಡಿದಾಗ ಉರಿ ಇಳಿಯುತ್ತದೆ. ಸೋಂಕು ಹಾಗಲ್ಲ. ಹೋಗಿ ಬಂದ ಐದೇ ನಿಮಿಷಕ್ಕೆ ಮತ್ತೆ ಅವಸರ, ಬರುವುದು ನಾಲ್ಕು ಹನಿ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ರಕ್ತ.

ರೊಟೀನ್ ಟೆಸ್ಟ್ ಅಗ್ಗ, ಸಾಮಾನ್ಯವಾಗಿ ಅದೇ ದಿನ ರಿಪೋರ್ಟ್. ಪಸ್ ಸೆಲ್ಸ್, ಅಂದರೆ ಸೋಂಕಿನ ಸುಳಿವು ಕೊಡುವ ಬಿಳಿ ರಕ್ತಕಣಗಳು, ಇವೆಯಾ ಅಂತ ಹೇಳುತ್ತದೆ. ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಲ್ಲಿ ಬೆಳೆಸಿ ನೋಡುವುದು; ಅದಕ್ಕೆ ದುಡ್ಡು ಜಾಸ್ತಿ, 2-3 ದಿನ ಕಾಯಬೇಕು. ಆದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮಾತ್ರೆ ನಾಟುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುವುದು. ಬೇರೆ ಕಾಯಿಲೆ ಇಲ್ಲದ ಹೆಂಗಸರಿಗೆ ಮೊದಲ ಸಲ ಆಗಿದ್ದರೆ ರೊಟೀನ್ ಸಾಕಾಗಬಹುದು. ಗರ್ಭಿಣಿ, ಮಕ್ಕಳು, ಗಂಡಸರು, ಶುಗರ್ ಇದ್ದವರು, ಪದೇ ಪದೇ ಆಗುವವರು ಕಲ್ಚರ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಕಲ್ಚರ್ ಮಾಡಿಸುವುದಾದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಸ್ಯಾಂಪಲ್ ಕೊಡಿ. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ಎರಡು ಮಾತ್ರೆ ನುಂಗಿ ಹೋದರೆ ರಿಪೋರ್ಟ್ ಕೆಡುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ, ಬೇಗ ತಲುಪಿಸಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಇಟ್ಟು ಊರು ಸುತ್ತಬೇಡಿ!

ಎಲ್ಲಿ? ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಮ್ಮಿ, ಬೆಳಿಗ್ಗೆಯೇ ಸಾಲು ಹಿಡಿಯಬೇಕು. ಖಾಸಗಿಯಲ್ಲಿ ಸಂಜೆಯೂ ನಡೆಯುತ್ತದೆ, ಜೇಬು ನೋಡಿಕೊಳ್ಳಿ.

ಚಳಿ ಜ್ವರ, ಪಕ್ಕೆ ನೋವು, ವಾಂತಿ ಇದ್ದರೆ ಯಾವ ಟೆಸ್ಟ್ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಸೋಂಕು ಕಿಡ್ನಿಗೆ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.