ದಿನಾ ಕಟ್ಟುವ ಜನತಾ, ಕೊಳ್ಳದೆ ಬಿಟ್ಟ ಕಾಂಚನ್

ಎಚ್‌ಎಂಟಿ ಜನತಾ ವಾಚ್ ನನ್ನ ಕೈಗೆ ಬಂದು ಹತ್ತು ವರ್ಷದ ಮೇಲಾಯಿತು. ಕಂಪನಿ ಮುಚ್ಚುತ್ತಾರಂತೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿದ್ದಾಗ ಬೆಂಗಳೂರಿಗೆ ಹೋಗಿ ತಂದದ್ದು. ಆಮೇಲೆ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟೇಬಿಟ್ಟಿತು. ಈ ವಾಚಿನ ಅಳತೆ, ತೂಕ ಎಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಬರೆಯುವುದಿಲ್ಲ. ದಿನಾ ಕಟ್ಟಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಜೊತೆಗೆ, ಅವತ್ತು ಷೋರೂಮಿನ ಕೌಂಟರಿನಲ್ಲೇ ಬಿಟ್ಟು ಬಂದ ಕಾಂಚನ್ ಅನ್ನುವ ಇನ್ನೊಂದು ಎಚ್‌ಎಂಟಿ ವಾಚಿನ ವಿಷಯವೂ ಇದೆ.

ಮೊದಲು ಕೀ ಕೊಡುವ ಸುಖ. ಇದು ಸೆಲ್ ಹಾಕುವ ವಾಚಲ್ಲ. ಬೆಳಿಗ್ಗೆ ಎದ್ದು ಫಿಲ್ಟರ್‌ಗೆ ಬಿಸಿನೀರು ಹಾಕುತ್ತೇನೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ವಾಚ್ ಕೈಗೆ ತೆಗೆದುಕೊಳ್ಳುತ್ತೇನೆ. ಕಟ್ಟಿಕೊಂಡೇ ಕೀ ಕೊಡಬಾರದು, ಕೀ ವಾಲಿ ಸವೆಯುತ್ತದೆ. ಎಡಗೈಯಲ್ಲಿ ವಾಚ್ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಿನ ನಡುವೆ ಕೀ ಇಟ್ಟು ಮೆಲ್ಲಗೆ ತಿರುಗಿಸಬೇಕು. ಮೊದಮೊದಲು ಸಡಿಲವಾಗಿ ತಿರುಗುತ್ತದೆ, ಕರ್ರ್ ಕರ್ರ್ ಅಂತ ಸಣ್ಣ ಸದ್ದು. ಹೋಗ್ತಾ ಹೋಗ್ತಾ ಬಿಗಿ ಬರುತ್ತದೆ. ಒಂದು ಹಂತದಲ್ಲಿ ಸಾಕು ಅಂತ ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಒತ್ತಾಯ ಮಾಡಬಾರದು. ಅಷ್ಟು ಕೊಟ್ಟರೆ ಮಾರನೇ ದಿನ ಬೆಳಿಗ್ಗೆ ದಾಟಿ ಓಡುತ್ತದೆ.

ಆಮೇಲೆ ರೇಡಿಯೋ. ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಪೀಂ ಪೀಂ ಅಂತ ಬರುತ್ತಲ್ಲ, ಆಗ ಮುಳ್ಳು ಸರಿಮಾಡಿಕೊಳ್ಳುತ್ತೇನೆ. ನನ್ನ ವಾಚ್ ದಿನಕ್ಕೆ ಒಂದು ನಿಮಿಷದಷ್ಟು ಮುಂದೆ ಹೋಗುತ್ತದೆ. ಕೀ ಕೊಡುವ ವಾಚಿಗೆ ಅದು ತೀರಾ ಜಾಸ್ತಿಯೇನಲ್ಲ. ಸೆಕೆಂಡು ತಪ್ಪಬಾರದು ಅನ್ನುವವರಿಗೆ ಇದು ಬೇಡ. ನಾನು ಹೈಸ್ಕೂಲ್ ಟೀಚರ್. ಬೆಲ್ ಹೊಡೆಯುವ ಮುಂಚೆ ಕ್ಲಾಸ್ ಮುಗಿಸುವುದಕ್ಕೆ ಒಂದು ನಿಮಿಷ ಮುಂದಿದ್ದರೆ ಅನುಕೂಲವೇ.

ಇದರ ಸೆಕೆಂಡ್ ಮುಳ್ಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೆಲ್ ವಾಚಿನಲ್ಲಿ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಅಂತ ಕುಪ್ಪಳಿಸುತ್ತದೆ. ಇದರಲ್ಲಿ ಒಂದು ಸೆಕೆಂಡಿಗೆ ಐದು ಪುಟ್ಟ ಪುಟ್ಟ ಹೆಜ್ಜೆ. ಒಳಗಿನ ಬ್ಯಾಲೆನ್ಸ್ ವೀಲ್ ಗಂಟೆಗೆ 18,000 ಸಲ ಹೊಯ್ದಾಡುತ್ತದೆ, ಅದರ ಲೆಕ್ಕ ಇದು. ಡಯಲ್ ಮೇಲೆ 17 ಜ್ಯುವೆಲ್ ಅಂತ ಬರೆದಿರುವುದು ನೋಡಿ ಬೆಲೆಬಾಳುವ ಹರಳು ಇದೆ ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದ್ದರು. ಅದು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಹಲ್ಲಿನ ಚಕ್ರಗಳ ಅಚ್ಚಿನ ತುದಿ ಕೂರುವ ಜಾಗದಲ್ಲಿ ಉಜ್ಜಿ ಸವೆಯದಿರಲಿ ಅಂತ ಇಡುತ್ತಾರೆ. ಮಾರಿದರೆ ಏನೂ ಬರುವುದಿಲ್ಲ, ವಾಚ್ ಮಾತ್ರ ಅದರಿಂದಲೇ ಬಾಳುತ್ತದೆ.

ಈ ವಾಚಿನ ಬೆಲೆ ನನಗೆ ನಿಜವಾಗಿ ಗೊತ್ತಾಗುವುದು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೆಲಸಕ್ಕೆ ಹೋದಾಗ. ಮೊಬೈಲ್ ಒಳಗೆ ಬಿಡುವುದಿಲ್ಲ, ಹೊರಗೇ ಕೊಟ್ಟು ಹೋಗಬೇಕು. ಕೋಣೆಯಲ್ಲಿ ಗೋಡೆ ಗಡಿಯಾರ ಇದ್ದರೂ ಎಷ್ಟೋ ಸಲ ನಿಂತಿರುತ್ತದೆ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷದಿಂದ ಹಿಡಿದು ಕೊನೆಯ ಬೆಲ್‌ವರೆಗೂ ಮಕ್ಕಳಿಗೆ ನಾನೇ ಟೈಮ್ ಹೇಳಬೇಕು. ಬಿಳಿ ಡಯಲ್, ಕಪ್ಪು ಗೆರೆ. ಕನ್ನಡಕ ಮರೆತು ಬಂದ ದಿನವೂ ಟೈಮ್ ಕಾಣುತ್ತದೆ. ಗಂಡಸರ ವಾಚ್ ಅಂತಲೇ ಮಾರುತ್ತಿದ್ದರು. ತೆಳ್ಳಗೆ, ಹಗುರವಾಗಿರುವುದರಿಂದ ನನ್ನ ಕೈಗೆ ಚೆನ್ನಾಗಿಯೇ ಕೂತಿದೆ.

ಈಗ ಬೇಜಾರಿನ ವಿಷಯಕ್ಕೆ ಬರೋಣ. ನೀರು ಈ ವಾಚಿಗೆ ಆಗಿಬರುವುದೇ ಇಲ್ಲ. ಕೊಂಡ ಮರುವರ್ಷದ ಆಷಾಢದಲ್ಲಿ ಮಳೆಯಲ್ಲಿ ನೆನೆದು ಬಂದೆ. ಗ್ಲಾಸಿನ ಒಳಗಡೆ ಮಂಜು ಕಟ್ಟಿತ್ತು. ಒರೆಸಿದರೆ ಹೋಗುತ್ತಾ? ಅದು ಒಳಗಿದೆಯಲ್ಲ. ಎರಡೇ ದಿನಕ್ಕೆ ಆರು ಗಂಟೆಯ ಹತ್ತಿರ ಡಯಲ್ ಮೇಲೆ ಒಂದು ಕಂದು ಚುಕ್ಕೆ ಬಿತ್ತು. ಇವತ್ತಿಗೂ ಇದೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಮಳೆಗಾಲದಲ್ಲಿ ಬಸ್ಸಿಗೆ ಕಾಯುವಾಗ, ಸದಾ ಇದರದ್ದೇ ಯೋಚನೆ. ಜನರಿಗೆ ಅಂತಲೇ ಮಾಡಿದ ವಾಚು, ಹೊಲದಲ್ಲಿ, ಫ್ಯಾಕ್ಟರಿಯಲ್ಲಿ ದುಡಿಯುವವರು ಕಟ್ಟುವ ವಾಚು. ಅದಕ್ಕೆ ನೀರು ತಡೆಯುವ ಶಕ್ತಿ ಕೊಡದೇ ಹೋದದ್ದು ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಕೊರತೆ. ಗ್ಲಾಸ್ ಅನ್ನುತ್ತೇವೆ, ಅದು ನಿಜಕ್ಕೂ ಅಕ್ರಿಲಿಕ್. ಬೇಗ ಗೀರು ಬೀಳುತ್ತದೆ. ಅದಕ್ಕೆ ಸುಲಭದ ಉಪಾಯ ಇದೆ. ಬಿಳಿ ಟೂತ್‌ಪೇಸ್ಟ್ ಒಂದು ಚೂರು, ಹಳೆ ಕಾಟನ್ ಬಟ್ಟೆ, ಮೆಲ್ಲಗೆ ಸುತ್ತ ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ. ಚಾಕ್‌ಪೀಸ್ ಪುಡಿಯಲ್ಲೇ ದಿನ ಕಳೆಯುವ ನನಗೆ ಇದು ರಜಾ ದಿನದ ಕೆಲಸ.

ಇಷ್ಟಪಟ್ಟದ್ದಕ್ಕೆ ಇನ್ನೊಂದು ಇರಲಿ ಅಂತ ಕಂಪನಿ ಮುಚ್ಚಿದ ಮೇಲೆ ಆನ್‌ಲೈನ್‌ನಲ್ಲಿ ಒಂದು ಎಚ್‌ಎಂಟಿ ಪೈಲಟ್ ತರಿಸಿದೆ. ಕಪ್ಪು ಡಯಲ್, ದಪ್ಪ ಅಂಕಿ, ಫೋಟೋದಲ್ಲಿ ಹೊಳೆಯುತ್ತಿತ್ತು. ‘ಹಳೆ ಸ್ಟಾಕ್, ಬಳಸಿಲ್ಲ’ ಅಂತ ಬರೆದಿದ್ದರು. ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಅಕ್ಷರಗಳ ಅಂಚು ಹರಡಿಕೊಂಡಿದೆ. ನಿಮಿಷದ ಗೆರೆಗಳು ಒಂದೇ ಸಮ ಇಲ್ಲ. ಹಳೆ ಡಯಲ್‌ಗೆ ಹೊಸ ಬಣ್ಣ ಬಳಿದು, ಯಾವುದೋ ಕೇಸಿಗೆ ಕೂರಿಸಿದ್ದಾರೆ. ಮಾರಿದವರಿಗೆ ಎಷ್ಟು ಸಲ ಬರೆದರೂ ಉತ್ತರ ಇಲ್ಲ. ಕೊಟ್ಟ ದುಡ್ಡು ನೆನೆದರೆ ಈಗಲೂ ಸಂಕಟ ಆಗುತ್ತದೆ. ಹೀಗೆ ಬಣ್ಣ ಬಳಿದ ವಾಚುಗಳು ಮಾರುಕಟ್ಟೆಯಲ್ಲಿ ತುಂಬಿಹೋಗಿವೆ. ಗುಲಾಬಿ, ಹಸಿರು, ಕಿತ್ತಳೆ ಬಣ್ಣದ ಡಯಲ್ ಇರುವ ಪೈಲಟ್ ಕಂಡರೆ ಅದರ ತಂಟೆಗೇ ಹೋಗಬೇಡಿ.

ಆದರೂ ಪೈಲಟ್ ಹೋದರೆ ಹೋಗಲಿ. ಮನಸ್ಸಿನಿಂದ ಹೋಗದಿರುವುದು ಕಾಂಚನ್.

ನಮ್ಮಪ್ಪನ ವಯಸ್ಸಿನವರಿಗೆ ಕಾಂಚನ್ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ. ಆಟೋಮ್ಯಾಟಿಕ್ ವಾಚು, ಕೀ ಕೊಡಬೇಕಿಲ್ಲ, ಕೈ ಆಡಿಸಿದರೆ ಸಾಕು. ವಾರ, ತಾರೀಖು ಎರಡೂ ತೋರಿಸುತ್ತಿತ್ತು. ವರೋಪಚಾರದ ಮಾತುಕತೆಯಲ್ಲೇ ಕಾಂಚನ್ ಹೆಸರು ಬರುತ್ತಿತ್ತು. ಅಂಗಡಿಗೆ ಹೋದ ತಕ್ಷಣ ಸಿಗುತ್ತಿರಲಿಲ್ಲ, ಪರಿಚಯದವರಿಂದ ಹೇಳಿಸಬೇಕಿತ್ತು. ಎಚ್‌ಎಂಟಿಯವರು ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚ್ ಮಾಡಲು ಶುರು ಮಾಡಿದ್ದು, ಆಮೇಲೆ 1978ರಲ್ಲಿ ನಮ್ಮ ತುಮಕೂರಿಗೂ ಫ್ಯಾಕ್ಟರಿ ಬಂತು. ನಮ್ಮ ಬೀದಿಯಲ್ಲೇ ಅಲ್ಲಿಗೆ ಕೆಲಸಕ್ಕೆ ಹೋಗುವ ಅಕ್ಕಂದಿರಿದ್ದರು. ಚಿಮುಟ ಹಿಡಿದು ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಕೂರಿಸುತ್ತೇವೆ ಅಂತ ಹೇಳುತ್ತಿದ್ದರು. ಊರಲ್ಲೇ ವಾಚ್ ಫ್ಯಾಕ್ಟರಿ ಇದ್ದರೂ ಅಪ್ಪನಿಗೆ ಕಾಂಚನ್ ಕೊಳ್ಳಲು ಆಗಲಿಲ್ಲ. ನಮ್ಮ ಓದು, ಮನೆ ಸಾಲ, ಅಜ್ಜಿಯ ಆಸ್ಪತ್ರೆ. ಈಗ ಆ ಫ್ಯಾಕ್ಟರಿಯ ಜಾಗ ಇಸ್ರೋ ಕೈಲಿದೆ.

ನಾನು ಜನತಾ ಕೊಂಡ ದಿನ ಷೋರೂಮಿನ ಕೌಂಟರಿನಲ್ಲಿ ಒಂದು ಕಾಂಚನ್ ಇತ್ತು. ಬಂಗಾರದ ಬಣ್ಣ, ಚೌಕನೆಯ ಕೇಸು, ಚೈನು. ಕೌಂಟರಿನವರು ತೆಗೆದು ಕೈಗೇ ಕೊಟ್ಟರು. ಅಲ್ಲಾಡಿಸಿದೆ, ಒಳಗೆ ತಿರುಗುವ ತೂಕ ಗರ್ ಅಂದದ್ದು ಅಂಗೈಗೆ ಗೊತ್ತಾಯಿತು. ಬೆಲೆ ಜನತಾಗಿಂತ ಎಷ್ಟೋ ಜಾಸ್ತಿ. ಮಗಳ ಶಾಲೆಯ ಫೀಸ್ ಕಟ್ಟಬೇಕಿದ್ದ ತಿಂಗಳು ಅದು. ವಾಪಸ್ ಕೊಟ್ಟೆ. ಆ ತಿಂಗಳ ಲೆಕ್ಕಕ್ಕೆ ಅದೇ ಸರಿ, ಇವತ್ತು ಕೇಳಿದರೂ ಅದೇ ಹೇಳುತ್ತೇನೆ. ಮುಂದಿನ ಸಂಬಳಕ್ಕೆ ಬಂದರಾಯಿತು ಅಂದುಕೊಂಡು ಮತ್ತೆ ಹೋದಾಗ ಕಾಂಚನ್ ಖಾಲಿ. ಜನ ಸಾಲು ನಿಂತು ಕೊಂಡಿದ್ದರು. ಅಪ್ಪನ ಕೈಗೆ ಹೊಸ ಕಾಂಚನ್ ಕಟ್ಟುವ ಅವಕಾಶ ಅಷ್ಟಕ್ಕೇ ಮುಗಿಯಿತು. ಎಷ್ಟು ದುಡ್ಡಿಗೂ ಈಗ ಹಾಗೆ ಸಿಗುವುದಿಲ್ಲ ಅನ್ನುವುದೇ ಹೊಟ್ಟೆಗೆ ಬೆಂಕಿ.

ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಮ್ಯೂಸಿಯಂ ಆಯಿತು. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಗೋಡೆ ತುಂಬ ವಾಚುಗಳು. ಅಪ್ಪ ಒಂದೊಂದೇ ಹೆಸರು ಓದುತ್ತಾ, “ಸೋನಾ ನಿಮ್ಮ ದೊಡ್ಡಪ್ಪಂದು, ಇದು ಹೆಡ್‌ಮಾಸ್ತರು ಕಟ್ಟುತ್ತಿದ್ದದ್ದು ಕಣಮ್ಮ” ಅಂತ ಹೇಳುತ್ತಲೇ ಇದ್ದರು. ನೋಡದವರು ಒಮ್ಮೆ ಹೋಗಿ ಬನ್ನಿ, ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಿ.

ಜನತಾಗೆ ಮತ್ತೆ ಬರುತ್ತೇನೆ. ಇಷ್ಟು ವರ್ಷ ಓಡಿದ್ದರ ಅರ್ಧ ಪುಣ್ಯ ನಮ್ಮೂರಿನ ರಿಪೇರಿ ಅಂಗಡಿಯ ರಾಯರದ್ದು. ಬಸ್ ಸ್ಟ್ಯಾಂಡ್ ಪಕ್ಕದ ಸಣ್ಣ ಗೂಡು. ಮಂಜು ಕಟ್ಟಿದಾಗ ಹಿಂದಿನ ಮುಚ್ಚಳ ತೆಗೆದು, ಭಾಗ ಭಾಗ ಬಿಚ್ಚಿ, ತೊಳೆದು, ಸೂಜಿ ತುದಿಯಷ್ಟು ಎಣ್ಣೆ ಬಿಟ್ಟು ಜೋಡಿಸಿ ಕೊಟ್ಟರು. “ಮೂರು ನಾಲ್ಕು ವರ್ಷಕ್ಕೊಮ್ಮೆ ತನ್ನಿ ಮೇಡಂ, ನಿಂತ ಮೇಲೆ ತರಬೇಡಿ” ಅಂದಿದ್ದರು, ಹಾಗೇ ಮಾಡುತ್ತಿದ್ದೇನೆ. ಹೊಸ ಬಿಡಿಭಾಗ ಈಗ ಸುಲಭಕ್ಕೆ ಸಿಗುವುದಿಲ್ಲ. ಕೆಟ್ಟ ಜನತಾಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಅದರಿಂದ ತೆಗೆದು ಹಾಕುತ್ತಾರೆ. ನನ್ನ ನಕಲಿ ಪೈಲಟ್ ಕೂಡ ಆ ಡಬ್ಬಿ ಸೇರಿದೆ, ಒಳಗಿನ ಮೆಷಿನ್ ಮಾತ್ರ ಅಸಲಿ ಎಚ್‌ಎಂಟಿ ಅಂತೆ.

ಹಳೆಯ ಜನತಾ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಕೀ ವಾಚ್ ಬಿಚ್ಚಲು ಬರುವ ರಿಪೇರಿಯವರನ್ನು ಹುಡುಕಿಕೊಳ್ಳಿ, ಆಮೇಲೆ ವಾಚ್. ಸ್ವಲ್ಪ ಮಾಸಿದ, ಹಳದಿಗೆ ತಿರುಗಿದ ಡಯಲ್ ಇದ್ದರೆ ಹೆದರಬೇಡಿ, ಫಳಫಳ ಹೊಳೆಯುವುದಕ್ಕೇ ಹೆದರಬೇಕು. ಮುಚ್ಚಳ ತೆಗೆದ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಮಳೆಗಾಲಕ್ಕೆ ಬೇರೆ ವಾಚ್ ಇರಲಿ.

ಅಪ್ಪನ ಸ್ನೇಹಿತರೊಬ್ಬರ ಮನೆಯಲ್ಲಿ ಮದುವೆಗೆ ಕೊಟ್ಟ ಕಾಂಚನ್ ಒಂದು ಬೀರುವಿನಲ್ಲಿ ಸುಮ್ನೆ ಬಿದ್ದಿದೆ. ಓಡುತ್ತಿಲ್ಲ, ಆದರೆ ಯಾರೂ ಬಿಚ್ಚಿಲ್ಲ, ಬಣ್ಣ ಬಳಿದಿಲ್ಲ. ಅವರ ಮಗ ಕೊಡಲು ಒಪ್ಪಿದ್ದಾನೆ. ಭಾನುವಾರ ರಾಯರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವರು ಮುಚ್ಚಳ ತೆಗೆದು ನೋಡಿ ಆಗುತ್ತೆ ಅಂದರೆ, ಈ ಸಲ ಅವತ್ತೇ ದುಡ್ಡು ಕೊಟ್ಟು ತರುತ್ತೇನೆ.